ಏಳದೆ ಹೋದ ಕೈ

ನನ್ನ ಬಲಗಾಲು ಎಡಗಾಲಿಗಿಂತ ತುಸು ಗಿಡ್ಡ. ಸುಮ್ಮನೆ ನಡೆಯುವಾಗ ಗೊತ್ತಾಗುವುದಿಲ್ಲ. ಬಸ್ಸು ಹಿಡಿಯಲು ಓಡಿದರೆ ನೋಡಿದವರಿಗೆ ತಿಳಿಯುತ್ತದೆ. ಈ ಕಾಲನ್ನು ಹೀಗೆ ಮಾಡಿದವರು ಮೊನ್ನೆ ಶಿವಮೊಗ್ಗದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಭದ್ರಾವತಿಗೆ ವಾಪಸು ಬಂದಾಗ ಅವ್ವ ಒಲೆ ಹಚ್ಚಿರಲಿಲ್ಲ. ನಾನೂ ಊಟ ಕೇಳಲಿಲ್ಲ. ನಮ್ಮ ನೆಂಟರಲ್ಲ, ನಮ್ಮ ಜಾತಿಯವರಲ್ಲ, ನಮ್ಮ ಊರಿನವರೂ ಅಲ್ಲ. ಅಂಥವರೊಬ್ಬರಿಗಾಗಿ ನಮ್ಮ ಮನೆಯಲ್ಲಿ ಒಲೆ ಉರಿಯದೆ ಇದ್ದದ್ದು ಅದೇ ಮೊದಲು.

ಅವರು ವಕೀಲರು. ಎಲ್ಲರೂ ಕರೆಯುತ್ತಿದ್ದದ್ದು ವಕೀಲ ಸಾಹೇಬರು ಅಂತ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಕತ್ತರಿಸಿ ಓರಣ ಮಾಡಿದ ಬಿಳಿ ಗಡ್ಡ. ಮನೆಯಲ್ಲಿ, ಬಜಾರಿನಲ್ಲಿ ದಖನಿ ಉರ್ದು ಮಾತು. ಕೋರ್ಟಿನಲ್ಲಿ ಎದ್ದು ನಿಂತರೆ ಮಾತ್ರ ಎಂಥ ಕನ್ನಡ ಬರುತ್ತಿತ್ತೆಂದರೆ, ಕೇಸಿಲ್ಲದವರೂ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರಂತೆ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ತುಂಬ ಸಿಟ್ಟು ಬಂದರೆ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ಯಾರು ಏನು ಹೇಳಿದರೂ ಅವರದೊಂದು ಪ್ರಶ್ನೆ ಇರುತ್ತಿತ್ತು. "ನೋಡಿದ್ದೋ, ಕೇಳಿದ್ದೋ?" ಒಂದು ಸಲ ನಾನು ಜೊತೆಯಲ್ಲಿದ್ದಾಗ ಸೊಪ್ಪು ಮಾರುವ ಹೆಂಗಸು, ಇವತ್ತು ಬೆಳಗ್ಗೆ ಕಿತ್ತ ಸೊಪ್ಪು ಸಾಹೇಬ್ರೇ ಅಂದಳು. ಇವರು ಸುಮ್ಮನಿರದೆ, "ಕಿತ್ತಿದ್ದನ್ನ ನೋಡಿದ್ದೋ, ಕೇಳಿದ್ದೋ?" ಅಂದರು. ಅವಳು ಸೊಂಟದ ಮೇಲೆ ಕೈ ಇಟ್ಟು, "ಕಿತ್ತೋಳೇ ನಾನು! ಉಗುರು ನೋಡಿ ಬೇಕಾದ್ರೆ!" ಅಂತ ಹತ್ತೂ ಬೆರಳು ಮುಖದ ಮುಂದೆ ಹಿಡಿದಳು. ವಕೀಲರಿಗೆ ಎಷ್ಟು ಸಂತೋಷವಾಯಿತೆಂದರೆ ಬುಟ್ಟಿಯ ಸೊಪ್ಪೆಲ್ಲ ಕೊಂಡುಬಿಟ್ಟರು. "ನನ್ನ ಕೋರ್ಟಲ್ಲಿ ಇಂಥ ಸಾಕ್ಷಿ ಒಂದೂ ಸಿಗಲಿಲ್ಲ ಮಾರಾಯ" ಅಂತ ದಾರಿಯುದ್ದಕ್ಕೂ ಹೇಳಿದರು. ಅಷ್ಟು ಸೊಪ್ಪು ಕಂಡು ಅವರ ಬೀಬಿ ಏನಂದರೋ ನನಗೆ ಗೊತ್ತಿಲ್ಲ.

ಅವರ ಹತ್ತಿರ ಯುದ್ಧಕ್ಕೆ ಮೊದಲು ಹಡಗಿನಲ್ಲಿ ಬಂದ ಒಂದು ಕಪ್ಪು ಕಾರು ಇತ್ತು. ಕೊಪ್ಪದ ಕಡೆಯ ಕಾಫಿ ತೋಟದವರು ಯಾರೋ ಬೇಡವೆಂದು ಮಾರಿದ್ದನ್ನು ಕೊಂಡಿದ್ದರು. ಈಗಿನ ಕಾರುಗಳಲ್ಲಿ ತಿರುಗುವಾಗ ಮಿಣಮಿಣ ಅನ್ನುವ ದೀಪ ಇರುತ್ತದಲ್ಲ, ಅದು ಆ ಕಾರಿಗೆ ಇರಲಿಲ್ಲ. ಅದರ ಬದಲು ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಕಂಬದಲ್ಲಿ ಉದ್ದಕ್ಕೆ ಒಂದು ಸೀಳು. ಅದರೊಳಗೆ ಗೇಣುದ್ದದ ಕೇಸರಿ ಬಣ್ಣದ ಪಟ್ಟಿ ಮಡಚಿಕೊಂಡಿರುತ್ತಿತ್ತು. ಡ್ರೈವರು ಸ್ಟೀರಿಂಗಿನ ಮೇಲಿನ ಸ್ವಿಚ್ಚು ತಿರುಗಿಸಿದರೆ ಎಡಕ್ಕಾದರೆ ಎಡಗಡೆಯದು, ಬಲಕ್ಕಾದರೆ ಬಲಗಡೆಯದು ಟಕ್ ಅಂತ ಎದ್ದು ಅಡ್ಡಕ್ಕೆ ನಿಲ್ಲುತ್ತಿತ್ತು, ಅದರ ಹೊಟ್ಟೆಯಲ್ಲೊಂದು ಸಣ್ಣ ಬಲ್ಬು ಹತ್ತುತ್ತಿತ್ತು. ನಾವೆಲ್ಲ ಅದನ್ನು ಕೈ ಅನ್ನುತ್ತಿದ್ದೆವು. ಕಾರು ಕೈ ತೋರಿಸಿತು ಅಂದರೆ ಹಿಂದೆ ಬರುವವರು ಹುಷಾರಾಗಬೇಕು.

ಆಗ ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಅಪ್ಪ ಇರಲಿಲ್ಲ. ಅವ್ವ, ನಾನು ಇಬ್ಬರೇ. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದೆ. ಮುಂದೆ ಈ ಕಪ್ಪು ಕಾರು, ಓಡಿಸುತ್ತಿದ್ದವರು ವಕೀಲರೇ. ರಸ್ತೆಗೆ ಅಡ್ಡವಾಗಿ ಮೇಕೆಗಳ ಹಿಂಡು ಬಂತು. ಕಾರು ನಿಧಾನವಾಯಿತು, ಕೈ ಎದ್ದದ್ದು ನನಗೆ ಕಾಣಲಿಲ್ಲ. ಮೇಕೆಗಾಗಿ ನಿಲ್ಲುತ್ತಿದೆ ಅಂದುಕೊಂಡು ನಾನು ಎಡಗಡೆಯ ಸಂದಿನಲ್ಲಿ ಮುಂದೆ ಹೋದೆ. ಅದೇ ಹೊತ್ತಿಗೆ ಕಾರು ಎಡಕ್ಕೆ, ಕೋರ್ಟಿನ ಓಣಿಗೆ ತಿರುಗಿತು. ಮಡ್‌ಗಾರ್ಡಿಗೂ ಸೈಕಲ್ಲಿಗೂ ನಡುವೆ ನನ್ನ ಬಲಗಾಲು ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ನೋವಿಗಿಂತ ಮೊದಲು ನನಗೆ ಗೊತ್ತಾದದ್ದು ಏನೆಂದರೆ, ನನ್ನ ಖಾಕಿ ಪ್ಯಾಂಟು ಸೊಂಟದವರೆಗೆ ಹರಿದುಹೋಗಿತ್ತು. ಸುತ್ತ ಜನ ಸೇರಿದ್ದರು, ಅದರಲ್ಲಿ ಹೆಂಗಸರೂ ಇದ್ದರು. ವಕೀಲರು ಇಳಿದು ಓಡಿಬಂದವರೇ ತಮ್ಮ ಕಪ್ಪು ಕೋಟು ಬಿಚ್ಚಿ ನನ್ನ ಸೊಂಟದ ಮೇಲೆ ಹೊದೆಸಿದರು. ಕೋಟಿಗೆ ರಕ್ತ ಹತ್ತುವುದನ್ನು ನೋಡಿ ನನಗೆ ಭಯವಾಯಿತು. "ನಂದೇ ತಪ್ಪು ಸ್ವಾಮಿ, ನಂದೇ ತಪ್ಪು" ಅಂದೆ. ಯಾಕೆ ಅಂದೆ? ನನಗೆ ಗೊತ್ತಿಲ್ಲ. ಕಾರಿನವರ ಮುಂದೆ ಬಿದ್ದವನ ಬಾಯಲ್ಲಿ ಆಗೆಲ್ಲ ಬರುತ್ತಿದ್ದದ್ದು ಅದೇ ಮಾತು.

ಅವರು ಬಗ್ಗಿ ನನ್ನ ಮುಖ ನೋಡುತ್ತಿದ್ದವರು ಥಟ್ಟನೆ ಬೇರೆ ಕಡೆ ನೋಡಿದರು. "ನೀನು ಹಾಗಂದಾಗ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು" ಅಂತ ಎಷ್ಟೋ ತಿಂಗಳ ಮೇಲೆ ಹೇಳಿದರು.

ಪೊಲೀಸ್ ಠಾಣೆಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ಅಲ್ಲಿನ ದಫೇದಾರರು. ಅವರು ವಕೀಲರಿಗೆ ಕುರ್ಚಿ ಹಾಕಿ, ಸೈಕಲ್ಲಿನವನು ಅಡ್ಡಾದಿಡ್ಡಿ ಬಂದ ಅಂತ ಬರೆದುಕೊಳ್ಳಲು ಹೊರಟಿದ್ದರಂತೆ. ಮೂಲೆಯ ಟೀ ಅಂಗಡಿಯವನು ಸಾಕ್ಷಿ ಹೇಳಲು ತಾನಾಗಿ ಬಂದಿದ್ದ. "ಕೈ ಎದ್ದಿತ್ತು ಸಾರ್. ಕಣ್ಣಾರೆ ನೋಡ್ದೆ. ಆ ಹುಡುಗನಿಗೇ ಕಣ್ಣು ಕಾಣಲ್ಲ."

ವಕೀಲರು ಕನ್ನಡಕ ಒರೆಸಿಕೊಂಡು ಕೇಳಿದರಂತೆ: "ನಿಮ್ಮ ಅಂಗಡಿ ರಸ್ತೆಗೆ ಯಾವ ಕಡೆ?"

"ಬಲಗಡೆ ಸಾಹೇಬ್ರೇ."

"ನೀವು ಅಂಗಡಿ ಒಳಗೇ ಇದ್ರಾ?"

"ಹೌದು, ಒಲೆ ಮುಂದೆ."

"ನಾನು ತಿರುಗಿದ್ದು ಎಡಕ್ಕೆ. ಏಳಬೇಕಾದ್ದು ಎಡಗಡೆ ಕೈ. ನಡುವೆ ನನ್ನ ಕಾರು ಇದೆ, ಕಾರೊಳಗೆ ನಾನಿದೀನಿ. ಇಷ್ಟನ್ನೆಲ್ಲ ದಾಟಿ ಆ ಕಡೆಯ ಕೈ ನಿಮಗೆ ಹ್ಯಾಗೆ ಕಂಡಿತು?"

ಟೀ ಅಂಗಡಿಯವನು ತಬ್ಬಿಬ್ಬಾದ. ದಫೇದಾರರು ಪೆನ್ನು ಕೆಳಗಿಟ್ಟು, "ಸಾಹೇಬ್ರೇ, ಅವನು ನಿಮ್ಮ ಕಡೆ ಸಾಕ್ಷಿ" ಅಂದರಂತೆ.

"ಅದಕ್ಕೇ ಕೇಳಿದೆ. ನಾನು ಸ್ವಿಚ್ಚು ತಿರುಗಿಸಿದೆ, ಅದು ನನಗೆ ಗೊತ್ತು. ಕೈ ಎದ್ದಿತೋ ಇಲ್ಲವೋ ಗೊತ್ತಿಲ್ಲ. ಗೊತ್ತಾಗೋ ತನಕ ಆ ಹುಡುಗನ ಮೇಲೆ ಏನೂ ಬರೀಬೇಡಿ."

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಆಮೇಲೆ ಪ್ರತಿ ಭಾನುವಾರ ಕಪ್ಪು ಕಾರು ನಮ್ಮ ಕೇರಿಗೆ ಬರತೊಡಗಿತು. ಕಾಲು ಮುರಿದದ್ದಕ್ಕಿಂತ ಅದೇ ನನಗೆ ದೊಡ್ಡ ಕಷ್ಟವಾಯಿತು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಗೆ ಒರಗಿಸಿದ ಚಾಪೆ, ಹಗ್ಗದ ಮೇಲೆ ಅವ್ವನ ಸೀರೆ, ಮೂಲೆಯಲ್ಲಿ ನನ್ನ ಮೂತ್ರದ ಡಬ್ಬ. ಅಂಥಲ್ಲಿಗೆ ಅಷ್ಟು ಎತ್ತರದ ಮನುಷ್ಯ ತಲೆ ಬಗ್ಗಿಸಿ ಬರುತ್ತಿದ್ದರು. ಶಿವಮೊಗ್ಗದ ಬೇಕರಿಯ ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು ತರುತ್ತಿದ್ದರು. ಮಣೆ ಎಳೆದುಕೊಂಡು ಕೂತು ಪೇಪರ್ ಓದಿ ಹೇಳುತ್ತಿದ್ದರು. ಅವ್ವ ಮೊದಮೊದಲು ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಅವರಿಗೆ ಕಾಫಿ ಕೊಡುವುದು ಯಾವ ಲೋಟದಲ್ಲಿ ಅಂತ ಅವಳಿಗೆ ಯೋಚನೆ. ಕೊನೆಗೆ ನನ್ನ ಲೋಟದಲ್ಲೇ ಕೊಟ್ಟಳು. ಅವರು ಕುಡಿದು, ತಾವೇ ಹಿತ್ತಲಿಗೆ ಹೋಗಿ ತೊಳೆದಿಟ್ಟರು. ಅವ್ವ ಅಡುಗೆಮನೆಯ ಕತ್ತಲೆಯಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ಭಾನುವಾರ ಲೋಟವನ್ನು ಅವರ ಕೈಯಿಂದ ಕಿತ್ತುಕೊಂಡು, "ಮನೆಗೆ ಬಂದೋರು ತೊಳೆಯೋದೇನು ಸಾಹೇಬ್ರೇ, ನಮ್ಮ ಮರ್ಯಾದೆ ಕಳೀಬೇಡಿ" ಅಂದಳು.

ಒಂದು ಭಾನುವಾರ ಅವ್ವ ನಲ್ಲಿ ನೀರಿಗೆ ಹೋಗಿದ್ದಳು. ನನಗೆ ಅವಸರವಾಯಿತು. ಹೇಳಲಾರೆ, ತಡೆಯಲಾರೆ. ಹಲ್ಲು ಕಚ್ಚಿ ಮಲಗಿದ್ದೆ. ವಕೀಲರು ಪೇಪರಿನ ಮೇಲಿಂದ ನನ್ನ ಮುಖ ನೋಡಿದರು. ಎದ್ದು, ಮೂಲೆಯ ಡಬ್ಬ ತಂದು, ಹೊದಿಕೆಯ ಕೆಳಗೆ ಹಿಡಿದು, ಬಾಗಿಲ ಕಡೆ ಮುಖ ತಿರುಗಿಸಿ ನಿಂತರು. ನಿಂತುಕೊಂಡೇ ತುಂಗಾ ಹೊಳೆ ಈ ಸಲ ಎಷ್ಟು ಬಂದಿದೆ, ಗಾಜನೂರಿನಲ್ಲಿ ಅಣೆಕಟ್ಟೆ ತುಂಬಿ ಹೇಗೆ ಕಾಣುತ್ತದೆ ಅಂತ ಏನೇನೋ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಡಬ್ಬ ಹೊರಗೆ ಚೆಲ್ಲಿ, ಕೈ ತೊಳೆದು ಬಂದು ಕೂತರು.

"ಸಾಹೇಬ್ರೇ, ನಂಗೆ ನಾಚ್ಕೆ ಆಗ್ತಿದೆ. ನೀವು ಇನ್ನು ಬರಬೇಡಿ" ಅಂದೆ.

"ನಾಚ್ಕೆ ಪಡೋದು ನನ್ನ ಕೆಲಸ ಮಾರಾಯ. ಅದನ್ನೂ ನೀನೇ ತಗೊಂಡ್ರೆ ನನಗೇನು ಉಳೀತು?" ಅಂದರು. ಪೇಪರ್ ಎತ್ತಿಕೊಂಡು ಬಿಟ್ಟಲ್ಲಿಂದ ಓದಿದರು.

ಬರಬೇಡಿ ಅಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೇರಿಯಲ್ಲಿ ಮಾತು ಹುಟ್ಟಿತ್ತು. ಬೇಕೆಂದೇ ಕಾರಿಗೆ ಬಿದ್ದಿದಾನೆ, ಈಗ ವಕೀಲರನ್ನ ಹಿಂಡ್ತಾ ಇದಾನೆ ಅಂತ. ನಲ್ಲಿಯ ಹತ್ತಿರ ಅವ್ವನ ಕಿವಿಗೂ ಅದು ಬಿತ್ತು. ಅವಳು ಖಾಲಿ ಕೊಡ ಹೊತ್ತುಕೊಂಡು ವಾಪಸು ಬಂದು ಗೋಡೆ ಕಡೆ ಮುಖ ಮಾಡಿ ಕೂತಳು. ಮುರಿದ ಕಾಲಿಟ್ಟುಕೊಂಡು ಮಲಗಿದವನು ಬೀದಿಗೆ ಹೋಗಿ ಯಾರ ಹತ್ತಿರ ಜಗಳ ಮಾಡಲಿ? ಕಾರಿನ ಸದ್ದು ಕೇಳಿದರೆ ಸಾಕು, ಮೈ ಹಿಡಿಯಾಗುತ್ತಿತ್ತು.

ಈ ನಡುವೆ ಕಾರಿನ ಪರೀಕ್ಷೆ ನಡೆದೇ ಇತ್ತು. ಅದನ್ನು ರಿಪೇರಿ ಮಾಡುತ್ತಿದ್ದವರು ಶಿವಮೊಗ್ಗದ ಮೆಕ್ಯಾನಿಕ್ ರಹಮತ್ ಸಾಬರು, ವಕೀಲರ ಹಳೆಯ ಸ್ನೇಹಿತರು. ಅವರು ಎಲ್ಲ ನೋಡಿದ್ದರು. ಬ್ಯಾಟರಿ ಸರಿ. ಬಲ್ಬು ಸರಿ. ಫ್ಯೂಸು ಸುಟ್ಟಿಲ್ಲ. ಕೈಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು, ಧೂಳು ತೆಗೆದರು, ಸ್ವಿಚ್ಚಿನೊಳಗಿನ ತಾಮ್ರ ಉಜ್ಜಿದರು. ಎಷ್ಟು ಸಲ ಸ್ವಿಚ್ಚು ತಿರುಗಿಸಿದರೂ ಕೈ ಟಕ್ ಅಂತ ಏಳುತ್ತಿತ್ತು. "ನಕ್ಕೋ ವಕೀಲ್ ಸಾಬ್, ಇನ್ನು ಹುಡುಕಬೇಡಿ. ಗಾಡೀಲಿ ಏನೂ ಇಲ್ಲ" ಅಂತ ಹೇಳಿಬಿಟ್ಟಿದ್ದರು.

ಒಂದು ಭಾನುವಾರ ವಕೀಲರು ಅವರನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದರು. "ಏಳಯ್ಯ, ಕಾರಲ್ಲಿ ಕೂತ್ಕೋ" ಅಂದರು.

"ನಾನ್ಯಾಕೆ ಸಾಹೇಬ್ರೇ?"

"ಆವತ್ತು ಆ ಕಡೆಯಿಂದ ನೋಡಿದವನು ನೀನೊಬ್ಬನೇ. ಇವತ್ತೂ ನೀನೇ ನೋಡಬೇಕು. ಅವತ್ತು ನಾನು ಏನೇನು ಮಾಡಿದೆನೋ ಅದೇ ಮಾಡ್ತೀನಿ, ಒಂದನ್ನೂ ಬಿಡಲ್ಲ."

ಇಬ್ಬರೂ ನನ್ನನ್ನು ಹೊತ್ತು ಹಿಂದಿನ ಸೀಟಿನ ಎಡಗಡೆ ಕಿಟಕಿಗೆ ಕೂರಿಸಿದರು. ಪ್ಲಾಸ್ಟರಿನ ಕಾಲು ಸೀಟಿನುದ್ದಕ್ಕೂ ಚಾಚಿತ್ತು. ಕೇರಿಯವರೆಲ್ಲ ಜಗಲಿಗೆ ಬಂದಿದ್ದರು. ನಾನು ತಲೆ ಎತ್ತಲಿಲ್ಲ. ಅವ್ವ ಮಾತ್ರ ಬಾಗಿಲಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದಳು.

ವಕೀಲರು ಕಾರನ್ನು ಅದೇ ಕೋರ್ಟಿನ ಓಣಿಯ ಕಡೆಗೆ ಓಡಿಸಿದರು. ಅವರು ಕೋರ್ಟಿನಲ್ಲಿ ಹೇಗೆ ಮಾತಾಡುತ್ತಿದ್ದಿರಬಹುದು ಅಂತ ನನಗೆ ಆಗ ಗೊತ್ತಾಯಿತು. "ಇಲ್ಲಿ ಬರ್ತಾ ಇದೀನಿ. ಎದುರಿಗೆ ಮೇಕೆ. ಬ್ರೇಕ್ ತುಳಿದೆ. ಕಾಲು ತೆಗೀಲಿಲ್ಲ, ಬ್ರೇಕ್ ಮೇಲೇ ಇದೆ. ಓಣಿ ಬಂತು. ಈಗ ಸ್ವಿಚ್ಚು ತಿರುಗಿಸ್ತೀನಿ. ನೋಡು."

ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಸೀಳಿನೊಳಗೆ ಕೇಸರಿ ತುದಿ ಒಂದು ಸಲ ನಡುಗಿತು. ಅಷ್ಟೇ. ಹೊರಗೆ ಬರಲಿಲ್ಲ.

ದೊಡ್ಡವರಿಗೆ ಅವರ ಪಂಚೆ ಸಡಿಲವಾಗಿದೆ ಅಂತ ನಾಲ್ಕು ಜನರ ಮುಂದೆ ಹೇಳಬೇಕಾಗಿ ಬಂದರೆ ಹೇಗಿರುತ್ತದೆ? ನನಗೆ ಹಾಗಾಯಿತು.

"ಬಂತಾ?"

"ಬರಲಿಲ್ಲ ಸಾಹೇಬ್ರೇ."

ಬ್ರೇಕಿನಿಂದ ಕಾಲು ತೆಗೆದರು. ಕೈ ಟಕ್ ಅಂತ ಎದ್ದು ನಿಂತಿತು. ಮತ್ತೆ ಸ್ವಿಚ್ಚು ಹಿಂದಕ್ಕೆ ತಿರುಗಿಸಿ, ಬ್ರೇಕ್ ತುಳಿದು, ಇನ್ನೊಂದು ಸಲ ಸ್ವಿಚ್ಚು ಹಾಕಿ ನೋಡಿದರು. ನಡುಗಿತು, ಏಳಲಿಲ್ಲ. ರಹಮತ್ ಸಾಬರು ಕೆಳಗಿಳಿದು ಬಾನೆಟ್ ಎತ್ತಿದರು. ಬ್ರೇಕ್ ತುಳಿದಾಗ ಹಿಂದೆ ಹತ್ತುವ ಕೆಂಪು ದೀಪಕ್ಕೂ ಈ ಕೈಗೂ ಕರೆಂಟು ಹೋಗುವುದು ಒಂದೇ ಫ್ಯೂಸಿನಿಂದ. ಫ್ಯೂಸು ಚೆನ್ನಾಗಿಯೇ ಇತ್ತು. ಅದನ್ನು ಹಿಡಿದುಕೊಳ್ಳುವ ಹಿತ್ತಾಳೆಯ ಕಚ್ಚು ಒಳಗಡೆ ಹಸಿರು ಕಿಲುಬು ಹಿಡಿದಿತ್ತು. ಬರುತ್ತಿದ್ದ ಅಷ್ಟಿಷ್ಟು ಕರೆಂಟು ಒಂದಕ್ಕಾದರೆ ಸಾಕಾಗುತ್ತಿತ್ತು. ಬ್ರೇಕಿನ ದೀಪ ತನ್ನ ಪಾಲು ಎಳೆದುಕೊಂಡರೆ ಕೈ ಎತ್ತುವಷ್ಟು ಬಲ ಉಳಿಯುತ್ತಿರಲಿಲ್ಲ.

ರಹಮತ್ ಸಾಬರ ಮುಖ ಸಣ್ಣದಾಗಿತ್ತು. "ಮಾಫ್ ಮಾಡಿ ವಕೀಲ್ ಸಾಬ್. ನಿಂತ ಗಾಡೀಲಿ ಬ್ರೇಕ್ ತುಳಿಯೋರು ಯಾರು? ನಿಂತಾಗ ನೋಡಿದ್ರೆ ಇದು ಸಿಗ್ತಾನೇ ಇರ್ಲಿಲ್ಲ."

ಆ ಮಾತು ಕೇಳಿದ ವಕೀಲರು ಕಾರಿನಿಂದ ಇಳಿದು, ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ, ಧೂಳಿನಲ್ಲಿ ಕಾಲಿಟ್ಟು ಕೂತುಬಿಟ್ಟರು. ಕನ್ನಡಕ ತೆಗೆದರು, ಒರೆಸಲಿಲ್ಲ. "ನಿಂತ ಗಾಡಿ" ಅಂತ ತಮಗೆ ತಾವೇ ಅಂದುಕೊಂಡರು. ನನ್ನ ವಿಷಯಕ್ಕೇ ಇಷ್ಟು ಸಂಕಟಪಡುತ್ತಿದ್ದಾರೆ ಅಂದುಕೊಂಡು, "ಬಿಡಿ ಸಾಹೇಬ್ರೇ, ಕಾಲು ಕೂಡುತ್ತೆ ಅಂತ ಡಾಕ್ಟರು ಹೇಳಿದಾರೆ" ಅಂದೆ.

"ನಿನ್ನದಲ್ಲ" ಅಂದರು. "ಇನ್ನೊಂದಿದೆ."

ಅಲ್ಲೇ ಕೂತು ಹೇಳಿದರು. ಅದಕ್ಕೂ ಕೆಲವು ವರ್ಷ ಮೊದಲು ಹೊಳೆಹೊನ್ನೂರು ರಸ್ತೆಯಲ್ಲಿ ಒಂದು ಬಸ್ಸು ಬಲಕ್ಕೆ ತಿರುಗುವಾಗ ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಗೆ ಹೊಡೆದಿತ್ತು. ಒಂದು ಎತ್ತು ಅಲ್ಲೇ ಸತ್ತಿತು. ಗಾಡಿ ಹೊಡೆಯುತ್ತಿದ್ದ ಹನುಮಂತಪ್ಪನ ಭುಜ ಮುರಿಯಿತು, ಮತ್ತೆ ನೇಗಿಲು ಹಿಡಿಯುವ ಹಾಗಾಗಲಿಲ್ಲ. ಆ ಬಸ್ಸಿಗೂ ಇಂಥದೇ ಕೈ ಇತ್ತು. ಬಸ್ಸು ಕೈ ತೋರಿಸಲಿಲ್ಲ ಅಂತ ಅವನು. ತೋರಿಸಿತು ಅಂತ ಡ್ರೈವರು. ಹನುಮಂತಪ್ಪನ ಊರಿನವರೇ ಕೆಲವರು ನಾವೂ ನೋಡಿದೆವು ಅಂತ ಡ್ರೈವರಿನ ಕಡೆ ಸಾಕ್ಷಿ ಹೇಳಿದರು. ಬಸ್ಸಿನವರ ಪರ ವಾದಿಸಿದವರು ಇವರು. ಬಸ್ಸನ್ನು ಕೋರ್ಟಿನ ಅಂಗಳಕ್ಕೇ ತರಿಸಿ, ಎಲ್ಲರ ಮುಂದೆ ಸ್ವಿಚ್ಚು ತಿರುಗಿಸಿ ತೋರಿಸಿದರು. ಕೈ ಚೆನ್ನಾಗಿ ಎದ್ದಿತು. ಆಮೇಲೆ ಹನುಮಂತಪ್ಪನನ್ನು ನಿಲ್ಲಿಸಿ, ಎಷ್ಟು ಹೊತ್ತಿಗೆ ಎದ್ದೆ, ಹಿಂದಿನ ರಾತ್ರಿ ಎಷ್ಟು ಮಲಗಿದ್ದೆ, ಎತ್ತುಗಳಿಗೆ ದಾರಿ ಗೊತ್ತಿದ್ದರೆ ನೀನು ತೂಕಡಿಸುವುದುಂಟೋ ಅಂತ ಒಂದೊಂದಾಗಿ ಕೇಳಿದರು. ಅವನು ಕೊನೆಗೆ ತಲೆ ತಗ್ಗಿಸಿ ನಿಂತ. ಕೇಸು ಗೆದ್ದರು. ಹೊರಗೆ ಬಂದಾಗ ವಕೀಲರೆಲ್ಲ ಬೆನ್ನು ತಟ್ಟಿದರು.

"ನಿಂತ ಬಸ್ಸು ತೋರಿಸಿ ಗೆದ್ದೆ ಮಾರಾಯ" ಅಂದರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

ನನ್ನ ಕೇಸು ಭದ್ರಾವತಿಯ ಮ್ಯಾಜಿಸ್ಟ್ರೇಟರ ಮುಂದೆ ಬಂದಾಗ ವಕೀಲರು ಆರೋಪಿಯ ಕಟಕಟೆಯಲ್ಲಿ ನಿಂತು ತಪ್ಪು ಒಪ್ಪಿಕೊಂಡರು. ಮ್ಯಾಜಿಸ್ಟ್ರೇಟರೇ ಮುಜುಗರದಿಂದ, "ಯೋಚನೆ ಮಾಡಿ ಹೇಳಿ ವಕೀಲರೇ, ಇದು ಯಂತ್ರದ ದೋಷ" ಅಂದರು. "ಯಂತ್ರ ನನ್ನದು ಸ್ವಾಮಿ. ಕೈ ಎದ್ದಿದೆಯೋ ಅಂತ ಕತ್ತು ತಿರುಗಿಸಿ ನೋಡದವನೂ ನಾನೇ" ಅಂದರು. ದಂಡ ಕಟ್ಟಿದರು. ಊರುಗೋಲು ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ತಲೆ ಎತ್ತಿ ಅವರನ್ನು ನೋಡಲಾಗಲಿಲ್ಲ. ನ್ಯಾಯ ನನ್ನ ಕಡೆ ಆಗಿತ್ತು. ಆದರೂ ಗೆದ್ದವನ ಹಾಗೆ ಅನ್ನಿಸಲಿಲ್ಲ, ದೊಡ್ಡವರೊಬ್ಬರ ಬಟ್ಟೆ ಬಿಚ್ಚಿಸಿದವನ ಹಾಗೆ ಅನ್ನಿಸಿತು. ಅವರ ಕಕ್ಷಿಗಾರರು ಎಷ್ಟೋ ಜನ ಬಿಟ್ಟುಹೋದರು. ತನ್ನ ಕೇಸನ್ನೇ ಸೋತವನು ನಮ್ಮದನ್ನು ಗೆಲ್ಲಿಸುತ್ತಾನಾ ಅಂತ ಕೋರ್ಟಿನ ಬಾರ್ ರೂಮಿನಲ್ಲಿ ಉಳಿದ ವಕೀಲರು ನಗುತ್ತಿದ್ದರಂತೆ. ಕೇರಿಯ ಬಾಯಿ ಮಾತ್ರ ಆವತ್ತಿಗೆ ಮುಚ್ಚಿತು. ಅವ್ವ ಎಲ್ಲರಿಗಿಂತ ಮುಂಚೆ ನಲ್ಲಿಗೆ ಹೋಗಿ ಎಲ್ಲರಿಗಿಂತ ನಿಧಾನವಾಗಿ ನೀರು ಹಿಡಿಯತೊಡಗಿದಳು.

ನಾನು ಕೋಲು ಹಿಡಿದು ನಡೆಯುವಂತಾದ ಮೇಲೆ ವಕೀಲರು ಬಂದು, "ಹೊಳೆಹೊನ್ನೂರಿಗೆ ಹೋಗಬೇಕು. ಒಬ್ಬನೇ ಹೋಗೋ ಧೈರ್ಯ ಇಲ್ಲ" ಅಂದರು. ಅಷ್ಟು ಜನರನ್ನು ಮಾತಿನಲ್ಲಿ ಮಣಿಸಿದವರು ನನ್ನಂಥವನ ಹತ್ತಿರ ಹಾಗೆ ಕೇಳಿದರು.

ಹನುಮಂತಪ್ಪ ಮನೆಯ ಮುಂದೆ ಒಣಗಲು ಹರವಿದ ಭತ್ತ ಕಾಯುತ್ತ ಕೂತಿದ್ದ. ಒಂದು ಭುಜ ಕೆಳಗಿತ್ತು. ವಕೀಲರನ್ನು ನೋಡಿ ಗಡಬಡಿಸಿ ಎದ್ದ. "ಬನ್ನಿ ಸ್ವಾಮಿ. ಮತ್ತೆ ಕೋರ್ಟಾ?" ಅಂದ.

ವಕೀಲರು ನಿಂತೇ ಹೇಳಿದರು. ತಮ್ಮ ಕಾರಿನ ವಿಷಯ, ನನ್ನ ಕಾಲಿನ ವಿಷಯ, ಬ್ರೇಕು ತುಳಿದಾಗ ಕೈ ಏಳದೆ ಹೋದ ವಿಷಯ. "ಆ ಬಸ್ಸಿನದು ಎದ್ದಿತೋ ಇಲ್ಲವೋ ನನಗೆ ಗೊತ್ತಿಲ್ಲ ಹನುಮಂತಪ್ಪ. ಗೊತ್ತಿಲ್ಲ ಅಂತ ಹೇಳಕ್ಕೇ ಬಂದೆ. ಆವತ್ತು ಗೊತ್ತಿದೆ ಅಂದುಬಿಟ್ಟಿದ್ದೆ."

ಅವನು ಭತ್ತದ ಮೇಲೆ ಕಾಲಾಡಿಸಿದ. ಆಮೇಲೆ ಹೇಳಿದ. "ನೀವು ಅಷ್ಟು ಚೆನ್ನಾಗಿ ಕೇಳಿದ್ರಿ ಸ್ವಾಮಿ. ಕೇಳ್ತಾ ಕೇಳ್ತಾ ನಂಗೇ ಅನ್ಸಿಬಿಡ್ತು, ನಾನು ತೂಕಡಿಸ್ತಾ ಇದ್ದೆ ಅಂತ. ಎತ್ತನ್ನ ನಾನೇ ಕೊಂದೆ ಅಂತ ಹೆಂಡ್ತಿಗೂ ಹೇಳಿದೀನಿ. ಹಾಗಂತಲೇ ಸಮಾಧಾನ ಮಾಡ್ಕೊಂಡಿದ್ದೆ." ಇದ್ದಕ್ಕಿದ್ದ ಹಾಗೆ ಅವನ ದನಿ ಏರಿತು. "ಈಗ ಯಾಕೆ ಹೇಳಕ್ಕೆ ಬಂದ್ರಿ? ಇಷ್ಟು ವರ್ಷ ಇಲ್ಲದ ಸಿಟ್ಟು ಈಗ ಬರ್ತಿದೆ. ಇದನ್ನ ಎಲ್ಲಿ ಇಟ್ಕೊಳ್ಳಲಿ ನಾನು?"

"ನನ್ನ ಮೇಲೆ ಹಾಕು" ಅಂದರು ವಕೀಲರು. "ಶಿವಮೊಗ್ಗಕ್ಕೆ ಬಂದಾಗೆಲ್ಲ ಮನೆಗೆ ಬಾ. ಬಂದು ಬೈ."

ಬಾಯಿಮಾತಿಗೆ ಹೇಳಿದ್ದು ಅಂದುಕೊಂಡೆ. ಹನುಮಂತಪ್ಪ ನಿಜವಾಗಿಯೂ ಬಂದ. ಸಂತೆಗೆ ಬಂದಾಗಲೆಲ್ಲ ವಕೀಲರ ಜಗಲಿಯ ಮೇಲೆ ಕೂತು, ಎತ್ತಿನ ಬಣ್ಣ ಹೇಗಿತ್ತು, ಕೊಂಬು ಹೇಗಿತ್ತು, ಹೆಂಡತಿ ಎಷ್ಟು ದಿನ ಅತ್ತಳು ಅಂತ ಹೇಳಿ ಹೇಳಿ ಬೈಯುತ್ತಿದ್ದ. ಕಕ್ಷಿಗಾರರು ಕೂತಿದ್ದರೂ ಬಿಡುತ್ತಿರಲಿಲ್ಲ. ವಕೀಲರು ಎದುರಿಗೆ ಕೂತು ಕೇಳುತ್ತಿದ್ದರು, ಒಳಗಿನಿಂದ ಇಬ್ಬರಿಗೂ ಚಹಾ ಬರುತ್ತಿತ್ತು. ಒಂದು ದಿನ ನಾನು ತಡೆಯಲಾರದೆ, "ಸಾಕು ಬಿಡು ಹನುಮಂತಪ್ಪ, ವಯಸ್ಸಾದೋರು" ಅಂದೆ. ವಕೀಲರು ನನ್ನ ಮೇಲೆ ರೇಗಿದರು. "ಅವನ ಮಾತು ಒಂದು ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ಈಗ ಮುಗಿಸ್ಲಿ."

ವರ್ಷಗಳು ಹೋದ ಹಾಗೆ ಬೈಗುಳ ಕಮ್ಮಿಯಾಯಿತು. ಮಾತು ಮಳೆ, ಬೆಳೆ, ಮಗಳ ಮದುವೆಯ ಕಡೆ ಹೊರಳಿತು. ಕ್ಷಮಿಸಿದೆ ಅಂತ ಅವನು ಅಂದದ್ದನ್ನು ನಾನು ಕೇಳಲಿಲ್ಲ. ಕ್ಷಮಿಸು ಅಂತ ಇವರೂ ಕೇಳಲಿಲ್ಲ.

ಮೊನ್ನೆ ಖಬರಸ್ತಾನದಲ್ಲಿ ಜನ ಹೆಚ್ಚಿರಲಿಲ್ಲ. ಎಲ್ಲರೂ ಮಣ್ಣು ಹಾಕಿ ಹಿಂದೆ ಸರಿದ ಮೇಲೆ ಹನುಮಂತಪ್ಪ ಮುಂದೆ ಬಂದ. ಬಗ್ಗಲು ಅವನಿಗೆ ಕಷ್ಟ. ನಾನು ತೋಳು ಹಿಡಿದುಕೊಂಡೆ. ಸರಿಯಿದ್ದ ಕೈಯಲ್ಲಿ ಮಣ್ಣು ಎತ್ತಿ ಹಾಕಿದ.

ಇಬ್ಬರೂ ನಡೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆವು. ಅವನ ಹೊಳೆಹೊನ್ನೂರಿನ ಬಸ್ಸು ಮೊದಲು ಬಂತು. ಜನ ನುಗ್ಗುತ್ತಿದ್ದರು. ಅವನು ಹತ್ತದೆ ನಿಂತಿದ್ದ.

"ಆವತ್ತು ಅವರು ಬರದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ನಂಗೆ ಇವತ್ತೂ ಅನ್ಸುತ್ತೆ" ಅಂದ. "ನೆಮ್ಮದಿಯಾಗಿ ಇರ್ತಿದ್ದೆ."

ಜನರ ನೂಕು ತಾಗದ ಹಾಗೆ ನಾನು ಅವನ ಮುರಿದ ಭುಜದ ಕಡೆ ನಿಂತೆ.

"ಬಸ್ಸಿನ ಯಜಮಾನ ಬರ್ಲಿಲ್ಲ. ಡ್ರೈವರೂ ಬರ್ಲಿಲ್ಲ. ನೋಡಿದೀವಿ ಅಂತ ಸುಳ್ಳು ಹೇಳಿದ್ರಲ್ಲ ನಮ್ಮೂರೋರು, ಅವರು ದಿನಾ ಎದುರಿಗೆ ಸಿಗ್ತಾರೆ, ಅವರೂ ಒಂದು ಮಾತು ಆಡ್ಲಿಲ್ಲ." ಕಂಡಕ್ಟರು ಸೀಟಿ ಊದಿದ. ಹನುಮಂತಪ್ಪ ಬಾಗಿಲ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟು, ನನ್ನ ಕಡೆ ತಿರುಗದೆಯೇ ಅಂದ: "ಇವರೊಬ್ಬರು ಬಂದ್ರು ನೋಡು."